ಅರ್ಧ ನಂಬರಿನ ಫ್ರೇಮ್

ಗ್ರೈಂಡರ್ ನನ್ನ ಕಿವಿಯ ಪಕ್ಕದಲ್ಲೇ ಕಿರುಚುತ್ತಿತ್ತು!

ಕಿವಿಗೂ ಆ ತಿರುಗುವ ಬಿಲ್ಲೆಗೂ ನಡುವೆ ಒಂದು ಬೆರಳು ತೂರುವಷ್ಟು ಜಾಗ... ಅಷ್ಟೇ.

"ಅಲ್ಲಾಡ್ಬೇಡಿ ಅಕ್ಕಾ," ಎಂದ ಮುತ್ತು. "ಅಲ್ಲಾಡಿದ್ರೆ ಓಲೆ ಜೊತೆ ಕಿವೀನೂ ಹೋಗ್ಬಿಡ್ತದೆ."

"ಓಲೆ ಗಿಲೀಟು ಕಣೋ. ಕಿವಿ ಮಾತ್ರ ಒರಿಜಿನಲ್ಲು."

ನಕ್ಕ. ಆದರೆ ಗ್ರೈಂಡರ್ ಆಫ್ ಮಾಡಲಿಲ್ಲ.

ಪೀಣ್ಯ ಎರಡನೇ ಹಂತದ ಹಿಂಬದಿಯ ಒಂದು ಶೆಡ್ಡು. ವೆಲ್ಡರ್ ಕಾಡಪ್ಪನದು. ಕಾಡಪ್ಪ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈ ಮೇಲೆತ್ತಿ ನಿಂತಿದ್ದ. ನಮ್ಮಿಬ್ಬರ ಫೋನೂ ಮುತ್ತುವಿನ ಜೇಬಿನಲ್ಲಿ. ಶಟರ್ ಅರ್ಧ ಇಳಿದಿತ್ತು. ಹೊರಗೆ ಹಾಡುಹಗಲು, ಲಾರಿಗಳ ಸದ್ದು, ಪಕ್ಕದ ಶೆಡ್ಡಿನ ಪ್ರೆಸ್ಸು ನೆಲ ನಡುಗಿಸುವ ಸದ್ದು. ಕೂಗಿಕೊಂಡರೂ ಕೇಳಿಸುವುದಿಲ್ಲ.

ನಡುವೆ ಕಬ್ಬಿಣದ ಹಾಸಿನ ಮೇಲೆ ಒಂದು ಫ್ರೇಮು. ಕ್ವಾಡ್ ಬೈಕಿನದು. ನಾಲ್ಕು ದಪ್ಪ ಚಕ್ರ ಇಟ್ಟುಕೊಂಡು ಮಣ್ಣುಗುಡ್ಡ ಹಾರುವ ಗಾಡಿ ನೋಡಿದ್ದೀರಲ್ಲ... ಅದೇ. ಚಕ್ರ, ಇಂಜಿನ್, ಪ್ಲಾಸ್ಟಿಕ್ ಕವರ್ ಎಲ್ಲ ಬಿಚ್ಚಿ ಮೂಲೆಗೆ ಹಾಕಿದ್ದರು. ಉಳಿದದ್ದು ಪೈಪುಗಳ ಅಸ್ಥಿಪಂಜರ. ಮುಂಭಾಗ ಮಂಡಿಯೂರಿದ ಎತ್ತಿನಂತೆ ಕುಸಿದಿತ್ತು.

ಆ ಫ್ರೇಮಿಗಾಗಿಯೇ ನಾನು ಬಂದಿದ್ದೆ. ಮುತ್ತು ಬಂದದ್ದೂ ಅದಕ್ಕೇ. ನಾನು ಸ್ವಲ್ಪ ಮೊದಲು ಬಂದೆ... ಆ ಸ್ವಲ್ಪದರಲ್ಲೇ ನೋಡಬಾರದ್ದನ್ನು ನೋಡಿಬಿಟ್ಟಿದ್ದೆ!

ನನ್ನ ಹೆಸರು ಸುಬ್ಬಲಕ್ಷ್ಮಮ್ಮ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್ ಆಗಿದ್ದವಳು. ಈಗ ವಕೀಲರಿಗೆ ಸಾಕ್ಷಿ ಹುಡುಕಿಕೊಡುತ್ತೇನೆ. ಆಕ್ಸಿಡೆಂಟ್ ಕೇಸುಗಳೇ ಜಾಸ್ತಿ. ಜನ ಸುಳ್ಳು ಹೇಳುತ್ತಾರೆ. ಕಬ್ಬಿಣಕ್ಕೆ ಆ ಚಟ ಇಲ್ಲ.

ಬೆಳಿಗ್ಗೆ ಆಸ್ಪತ್ರೆಯ ವರಾಂಡದಲ್ಲಿ ಮಹಾನಂದಾ ನನ್ನ ಸೆರಗು ಹಿಡಿದುಕೊಂಡಿದ್ದಳು. ಕಲಬುರಗಿ ಕಡೆಯವಳು. ಅವಳ ಗಂಡ ರೇವಣಸಿದ್ದ ಒಳಗೆ ಸೊಂಟ ಮುರಿದುಕೊಂಡು ಮಲಗಿದ್ದ. ವಾರ್ಡಿನ ಬಾಗಿಲಲ್ಲಿ ಪೊಲೀಸ್ ಪೇದೆ.

ಮಾದನಾಯಕನಹಳ್ಳಿಯ ಆಚೆ ನಂದೀಶ ಅನ್ನುವವನ ಅಡ್ವೆಂಚರ್ ಟ್ರ್ಯಾಕ್ ಇದೆ. ಅಪ್ಪನ ರಾಗಿ ಹೊಲದಲ್ಲಿ ಮಣ್ಣುಗುಡ್ಡ ಎಬ್ಬಿಸಿ ಟಿಕೆಟ್ ಇಟ್ಟವನು. ವೈಟ್‌ಫೀಲ್ಡಿನ ಕಂಪನಿ ಜನ ವೀಕೆಂಡಿಗೆ ಬಂದರೆ, ಅವರೆದುರು ಗುಡ್ಡ ಹಾರಿಸಿ ತೋರಿಸುವುದು ರೇವಣಸಿದ್ದನ ಕೆಲಸ. ಭಾನುವಾರವೂ ಹಾರಿಸಿದ. ನೆಲಕ್ಕಿಳಿದ ಗಾಡಿ ಮುಂದೆ ಕುಸಿದು, ಹಗ್ಗದಾಚೆ ನಿಂತಿದ್ದವರ ಮೇಲೆ ನುಗ್ಗಿತು. ಆಶಾರಾಣಿ ಎಂಬ ಹುಡುಗಿ ಐಸಿಯುನಲ್ಲಿದ್ದಳು. ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ನಂದೀಶ ಪೊಲೀಸರಿಗೆ ಹೇಳಿದ್ದು ಒಂದೇ ಮಾತು. 'ಗಾಡಿ ಗಟ್ಟಿಯಾಗೇ ಇತ್ತು. ಬೇಡ ಅಂದ್ರೂ ಕೇಳ್ದೆ ಹುಚ್ಚು ಸ್ಟಂಟ್ ಮಾಡಿದ.'

"ಸುಳ್ಳರೀ ಅಕ್ಕಾರ!" ಮಹಾನಂದಾ ನನ್ನ ಸೆರಗು ಜಗ್ಗಿದಳು. "ಗಾಡಿ ಮೊದಲ ಬಿರುಕ ಬಿಟ್ಟಿತ್ತು. ಆಯುಧಪೂಜಿ ದಿನ ಎಲ್ಲಾ ಗಾಡಿ ತೊಳದು ಅರಿಷಿಣ ಕುಂಕುಮ ಹಚ್ಚಾಕಿ ನಾನ. ಹ್ಯಾಂಡಲ್ ಬುಡಕ ಪೈಪಿನ್ಯಾಗ ಕೂದಲೆಳಿ ಹಂಗ ಬಿರುಕು... ಮಾಲಕಗ ಕರದು ತೋರಿಸೀನಿ."

"ಏನಂದ?"

"ರಿಪೇರಿ ಮಾಡಸ್ತೀನಿ ಅಂದಾ. ಗಾಡಿ ಒಯ್ದಾ. ಹೊಸಾ ಪೇಂಟ್ ಬಡದು ತಂದಾ. ನಮ್ಮಂವ ನಂಬಿ ಹತ್ತಿದಾ ರೀ..."

ಆಯುಧಪೂಜೆ ಕಳೆದು ಹೆಚ್ಚು ಕಮ್ಮಿ ತಿಂಗಳಾಗಿತ್ತು. ಗಾಡಿ ಕೊಂಡದ್ದು ಈ ಬೇಸಿಗೆಯಲ್ಲಿ. ಅದು ಕಂಡದ್ದು ಆ ಒಂದೇ ಪೂಜೆ.

ಹೆಂಡತಿ ಹೇಳಿದ ಮಾತನ್ನು ಯಾವ ಕೋರ್ಟು ನಂಬುತ್ತದೆ? ಮಾತಾಡಬೇಕಾದದ್ದು ಫ್ರೇಮು. ಅದು ನಂದೀಶನ ಸುಪರ್ದಿಯಲ್ಲೇ ಇತ್ತು. ಪೊಲೀಸರು ಕಂಡದ್ದು ಒಡೆದ ಪ್ಲಾಸ್ಟಿಕ್ಕು, ಸೊಟ್ಟ ಚಕ್ರ. ಪೈಪಿನ ಮೇಲೆ ಒತ್ತಿದ್ದ ಫ್ರೇಮ್ ನಂಬರ್ ಬರೆದುಕೊಂಡು, 'ಎಕ್ಸ್‌ಪರ್ಟ್ ಬರೋವರೆಗೂ ಜೋಪಾನ' ಎಂದು ಬಾಂಡ್ ಬರೆಸಿಕೊಂಡು ಹೋಗಿದ್ದರು.

ಅಂದರೆ ಗಾಡಿಯನ್ನು ಮಾಯ ಮಾಡುವಂತಿಲ್ಲ. ಆದರೆ ಗುರುವಾರ ಎಕ್ಸ್‌ಪರ್ಟ್ ಬಂದಾಗ ಫ್ರೇಮು ಗಟ್ಟಿಮುಟ್ಟಾಗಿ ನಿಂತಿದ್ದರೆ?

ಗಾಡಿ ಸರಿ. ಓಡಿಸಿದವನೇ ತಪ್ಪು. ರೇವಣಸಿದ್ದ ಆಸ್ಪತ್ರೆಯಿಂದ ನೇರ ಜೈಲಿಗೆ!

ಅಂಥ ತೆಳು ಪೈಪನ್ನು ಸೊಟ್ಟಗಾಗದಂತೆ ವೆಲ್ಡ್ ಮಾಡುವವರು ಪೀಣ್ಯದಲ್ಲಿ ಕೆಲವರೇ. ವರಾಂಡದಿಂದಲೇ ಎಲ್ಲರಿಗೂ ಫೋನ್ ಹಾಕಿದೆ. ಕಾಡಪ್ಪ ಪಿಸುಗುಟ್ಟಿದ್ದ.

"ನನ್ ಶೆಡ್ಡಿಗೇ ಬಂದೈತೆ ಕಣಕ್ಕಾ. ಬೇಗ ಬಾ."

ಸ್ಕೂಟರ್ ಓಡಿಸಿದ ರೀತಿ ಕೇಳಬೇಡಿ. ಜಾಲಹಳ್ಳಿ ಕ್ರಾಸಿನ ಸಿಗ್ನಲ್ಲು ನನ್ನನ್ನು ಇನ್ನೂ ಶಪಿಸುತ್ತಿರಬೇಕು.

ಹೋದಾಗ ಕಾಡಪ್ಪ ವೈರ್ ಬ್ರಶ್ಶಿನಿಂದ ಆ ಪೈಪಿನ ಕಪ್ಪು ಪೇಂಟ್ ಕೆರೆಯುತ್ತಿದ್ದ. ಪೇಂಟ್ ಉದುರಿತು. ಕೆಳಗೆ ಬೂದು ಬಣ್ಣದ ಗಾರೆ... ಪುಟ್ಟಿ! ಕಾರಿನ ತಗ್ಗು ಮುಚ್ಚಲು ಬಳಿಯುತ್ತಾರಲ್ಲ, ಆ ಪುಟ್ಟಿ. ಅದರ ಚಕ್ಕೆಯೊಂದು ಎದ್ದು ಬಂತು.

ಕೆಳಗೆ ಬಿರುಕು. ಬಿರುಕಿನ ಬಾಯಲ್ಲಿ ಕೆಂಪು.

ತುಕ್ಕಲ್ಲ. ರಕ್ತವೂ ಅಲ್ಲ.

ಕುಂಕುಮ! ಅಂಚಿಗೆ ಅರಿಷಿಣದ ಹಳದಿ ಗೆರೆ ಬೇರೆ.

ನನ್ನ ಮೈ ಜುಮ್ಮೆಂದಿತು. ಮಹಾನಂದಾಳ ಬೆರಳು ಹಚ್ಚಿದ್ದು. ಅದರ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಪೇಂಟು. ಪೂಜೆಯ ದಿನವೇ ಬಿರುಕಿತ್ತು. ಆಮೇಲೆ ಯಾರೋ ಅದನ್ನು ನೋಡಿಯೂ, ವೆಲ್ಡಿಂಗ್ ಮಾಡಿಸದೆ ಮುಚ್ಚಿಹಾಕಿದ್ದರು!

"ಸಾಕು, ಇನ್ನು ಕೆರೀಬೇಡ," ಎಂದೆ.

ಆಗಲೇ ನಂದೀಶನ ಬಂಟ ಮುತ್ತು ಒಳಗೆ ನುಗ್ಗಿದ್ದು, ಶಟರ್ ಕಿರುಗುಟ್ಟಿ ಇಳಿದದ್ದು...

"ಬಿರುಕಿನ ಮೇಲೆ ವೆಲ್ಡಿಂಗ್ ಹೊಡಿ," ಮುತ್ತು ಈಗ ಗ್ರೈಂಡರನ್ನು ಕಾಡಪ್ಪನ ಬೆರಳುಗಳತ್ತ ತಿರುಗಿಸಿದ. "ಪೇಂಟ್ ಬಳಿ. ಮೇಲೆ ಒಂದಿಷ್ಟು ಮಣ್ಣು ಎರಚು. ಮುಗೀತು. ಅಲ್ಲೀವರೆಗೂ ಯಾರೂ ಆಚೆ ಹೋಗಂಗಿಲ್ಲ."

ಕಾಡಪ್ಪ ನನ್ನ ಮುಖ ನೋಡಿದ. ಆ ಬಿರುಕಿನ ಮೇಲೆ ಬೆಂಕಿ ಬಿದ್ದರೆ ಕುಂಕುಮ ಬೂದಿ. ಜೊತೆಗೆ ರೇವಣಸಿದ್ದನ ಬದುಕೂ!

"ಹೊಡಿ ಕಾಡಪ್ಪ," ಎಂದೆ. "ನಮಗೇನು? ಎಕ್ಸ್‌ಪರ್ಟ್ ಬಂದು ಸುತ್ತಿಗೆಯಲ್ಲಿ ಒಂದೇಟು ಹಾಕ್ತಾನೆ. ಬಾಯಿ ಬಿಡುತ್ತೆ. ನಂದೀಶ ಮುತ್ತೂನ ವಿಚಾರಿಸ್ಕೋತಾನೆ."

ಗ್ರೈಂಡರ್ ನಿಂತಿತು.

"ಬಾಯಿ ಬಿಡ್ತದಾ?"

ಕಾಡಪ್ಪನಿಗೆ ಎಳೆ ಸಿಕ್ಕಿತು. "ಬಿಡ್ದೆ ಇನ್ನೇನಪ್ಪ? ಎಣ್ಣೆ ಮಣ್ಣು ಎಲ್ಲಾ ಬಿರುಕೊಳಕ್ಕೆ ಇಳಿದದೆ. ಅದ್ರ ಮ್ಯಾಲೆ ವೆಲ್ಡಿಂಗ್ ಬಿಟ್ರೆ ಬರೀ ಗುಳ್ಳೆ. ನಿಲ್ಲಾಕಿಲ್ಲ."

"ಮತ್ತೇನ್ ಮಾಡೋದು?"

"ಕೆಟ್ಟ ತುಂಡು ಕುಯ್ದು ತೆಗೀಬೇಕು. ಒಳಕ್ಕೆ ಸಣ್ಣ ಪೈಪ್ ತೂರಿಸಿ, ಮ್ಯಾಲೆ ಒಸಾ ಪೈಪ್ ಕೂರಿಸಿ, ಮೂಲೆಗೆ ಮೂರು ಮೂಲೆ ಪ್ಲೇಟ್ ಒಡೀಬೇಕು. ಅಂಗ್ ಮಾಡಿದ್ರೆ ಆನೆ ಅತ್ತಿ ಕುಣಿದ್ರೂ ಬಗ್ಗಾಕಿಲ್ಲ."

ಮುತ್ತು ನಂದೀಶನಿಗೆ ಫೋನ್ ಹಚ್ಚಿದ. ಹ್ಞೂಂ ಅಂದ. ಹ್ಞೂಂ ಅಂದ. ಇಟ್ಟ.

"ಮಾಡು. ಆದ್ರೆ ಕುಯ್ದ ತುಂಡು ನಂಗೆ ಬೇಕು. ಅಣ್ಣ ಹೇಳವ್ರೆ."

ಅಯ್ಯೋ ದೇವರೇ! ಇದನ್ನು ನಾನು ಲೆಕ್ಕ ಹಾಕಿರಲಿಲ್ಲ.

ಕೆಲಸ ಶುರುವಾಯಿತು. ಕಾಡಪ್ಪ ಫ್ರೇಮನ್ನು ಕಬ್ಬಿಣದ ಹಾಸಿನ ಮೇಲೆ ಬಿಗಿದು, ಚೈನ್ ಹಾಕಿ, ಇಂಚಿಂಚಾಗಿ ಎಳೆದ. ಪೈಪು ನರಳಿತು. ಕುಸಿದ ಮೂತಿ ನಿಧಾನಕ್ಕೆ ಮೇಲೆದ್ದಿತು. ಅಳತೆ ಹಿಡಿದ. ಮತ್ತೆ ಎಳೆದ. ಆಮೇಲೆ ಹ್ಯಾಕ್ಸಾ ಕೈಗೆತ್ತಿಕೊಂಡ.

"ಗ್ರೈಂಡರ್ ಇಟ್ಕೊಂಡು ಗರಗಸ ಯಾಕೋ?" ಮುತ್ತು ಗದರಿದ.

"ಬಿಸಿ ತಾಗಿದ್ರೆ ಪೈಪ್ ಸೊಟ್ಟ ಓಯ್ತದೆ. ನೀನೇ ಕುಯ್ತೀಯಾ? ಬಾ."

ಬಿಸಿ ತಾಗಿದರೆ ಕುಂಕುಮವೂ ಹೋಗುತ್ತದೆ. ಅದನ್ನು ಕಾಡಪ್ಪ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಕೆಳಗಿನ ಗೆರೆ ಕುಯ್ದ. ಮೇಲಿನ ಗೆರೆ ಎಳೆಯುವಾಗ ಅವನ ಸೀಮೆಸುಣ್ಣ ಒಂದು ಕ್ಷಣ ತಡೆಯಿತು. ಅಲ್ಲಿ ಪೈಪಿನ ಮೇಲೆ ಫ್ರೇಮ್ ನಂಬರ್ ಇತ್ತು. ಕಾಡಪ್ಪ ಕಣ್ಣೆತ್ತಿ ನನ್ನ ಕಡೆ ನೋಡಿದ. ಗೆರೆಯನ್ನು ನಂಬರಿನ ನಟ್ಟನಡುವೆ ಎಳೆದ. ಅರ್ಧ ಅಂಕಿಗಳು ಆಚೆ, ಅರ್ಧ ಈಚೆ!

"ನಂಬರ್ ಮ್ಯಾಲೆ ಪ್ಲೇಟ್ ಬತ್ತದೆ ಕಣಪ್ಪ," ಎಂದ ಮುತ್ತುವಿಗೆ. "ಮುಚ್ಚೋಯ್ತದೆ. ಪರವಾಗಿಲ್ವಾ?"

"ಬರ್ಲಿ ಬಿಡು. ಕಾಣದಿದ್ರೆ ಇನ್ನೂ ಒಳ್ಳೇದು."

ನಾನು ಉಸಿರು ಬಿಟ್ಟೆ. ಮೆಲ್ಲಗೆ...

ತುಂಡು ಟಣ್ಣೆಂದು ಗುಜರಿ ತೊಟ್ಟಿಗೆ ಬಿತ್ತು. ಅಂಗೈಗಿಂತ ಗಿಡ್ಡ. ತೊಟ್ಟಿಯಲ್ಲಿ ಅಂಥವೇ ಇನ್ನೆಷ್ಟೋ. ಈ ಜಾತಿಯ ಗಾಡಿಗಳೆಲ್ಲ ಬಿರುಕು ಬಿಡುವುದು ಅದೇ ಜಾಗದಲ್ಲಿ ಅಂತ ಕಾಡಪ್ಪ ಆಮೇಲೆ ಹೇಳಿದ. ನಾನು ತೊಟ್ಟಿಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಕಾಲ ಬಳಿ ಕಾಡಪ್ಪನ ಊಟದ ಕ್ಯಾರಿಯರ್.

ಮುತ್ತು ನನ್ನಿಂದ ಕಣ್ಣು ಕೀಳುತ್ತಿರಲಿಲ್ಲ.

"ಅಕ್ಕಾ," ಎಂದ ಇದ್ದಕ್ಕಿದ್ದಂತೆ. ಧ್ವನಿ ಬೇರೆಯಾಗಿತ್ತು. "ಆ ಹುಡ್ಗಿ... ಉಳೀತಾಳಾ?"

"ಗೊತ್ತಿಲ್ಲ ಮುತ್ತು. ಅವರಮ್ಮ ಐಸಿಯು ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದಾರೆ. ದೇವಸ್ಥಾನದಲ್ಲಿ ನಿಂತ ಹಾಗೆ."

ಅವನು ಗ್ರೈಂಡರನ್ನು ಕೆಳಗಿಟ್ಟ.

ಕಾಡಪ್ಪ ಮುಖಕ್ಕೆ ಕಪ್ಪು ಗಾಜಿನ ಮುಸುಕು ಎಳೆದುಕೊಂಡ.

ವೆಲ್ಡಿಂಗ್ ಬೆಳಕನ್ನು ಬರಿಗಣ್ಣಲ್ಲಿ ನೋಡಿದ್ದೀರಾ? ನೋಡಬೇಡಿ. ಕಣ್ಣಿಗೆ ಮರಳು ಸುರಿದಂತಾಗುತ್ತದೆ. ಎಂಥ ರೌಡಿಯಾದರೂ ಮುಖ ತಿರುಗಿಸಲೇಬೇಕು!

ಕಿಡಿ ಹೊತ್ತಿತು. ಶೆಡ್ಡೆಲ್ಲ ನೀಲಿ. ಮುತ್ತು ಮೊಣಕೈ ಅಡ್ಡ ಹಿಡಿದು ಗೋಡೆಯತ್ತ ತಿರುಗಿದ.

ನಾನು ಕಣ್ಣು ಮುಚ್ಚಿಕೊಂಡೇ ತೊಟ್ಟಿಗೆ ಕೈ ಹಾಕಿದೆ. ಬೆರಳಿಗೆ ಪುಟ್ಟಿಯ ಒರಟು ಸಿಕ್ಕಿತು. ಅದೇ! ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕ್ಯಾರಿಯರಿನ ಕೆಳಡಬ್ಬಿಗೆ ಇಳಿಸಿದೆ. ಮೇಲೆ ಚಿತ್ರಾನ್ನದ ಡಬ್ಬಿ. ಕ್ಲಿಪ್ ಹಾಕುವ ಸದ್ದು ವೆಲ್ಡಿಂಗಿನ ಚಟಪಟದಲ್ಲಿ ಮುಳುಗಿಹೋಯಿತು.

ಕೆಲಸ ಮುಗಿಯುವಷ್ಟರಲ್ಲಿ ಮಧ್ಯಾಹ್ನ. ಹೊಸ ಪೈಪು, ಮೇಲೆ ತ್ರಿಕೋನದ ಪ್ಲೇಟು, ಕಪ್ಪು ಪೇಂಟು. ಸುಳ್ಳು ಹೇಳಬಾರದು, ಅಚ್ಚುಕಟ್ಟು ಕೆಲಸ! ಕಂಪನಿಯವರೇ ಅಷ್ಟು ಗಟ್ಟಿಯಾಗಿ ಮಾಡಿರಲಿಲ್ಲ.

"ತುಂಡು ಕೊಡು."

ಕಾಡಪ್ಪ ತೊಟ್ಟಿಗೆ ಬಗ್ಗಿ ಬಿರುಕು ಬಿಟ್ಟ ಬೇರೊಂದು ತುಂಡು ತೆಗೆದುಕೊಟ್ಟ. ಮುಖದ ಒಂದು ಗೆರೆಯೂ ಅಲ್ಲಾಡಲಿಲ್ಲ.

ನಾನು ಕ್ಯಾರಿಯರ್ ಎತ್ತಿಕೊಂಡು ಎದ್ದೆ.

"ನಿಲ್ಲಿ! ಏನದು?"

"ಚಿತ್ರಾನ್ನ. ಕಾಡಪ್ಪಂಗೆ ಹಸಿವು ಸತ್ತೋಗಿದೆ. ನಂಗೆ ಸತ್ತಿಲ್ಲ. ತಿಂತೀಯಾ?"

ಮೇಲಿನ ಡಬ್ಬಿ ತೆರೆದ. ಒಂದು ಹಿಡಿ ಬಾಯಿಗೆ ಹಾಕಿಕೊಂಡ. ಅಗಿದ.

"ಉಪ್ಪಿಲ್ಲ. ಹೋಗಿ."

"ಫೋನು?"

"ಗುರುವಾರ ಕೊಡ್ತೀನಿ."

ಶಟರ್ ಬಗ್ಗಿ ದಾಟಿದೆ. ಸ್ಕೂಟರಿನ ಕೊಕ್ಕೆಗೆ ಕ್ಯಾರಿಯರ್ ಹಾಕಿದೆ. ಒಳಗೆ ಮುತ್ತು ಆ ತುಂಡು ತೋರಿಸಲು ವಿಡಿಯೋ ಕಾಲ್ ಮಾಡಿದ್ದ. ನಂದೀಶನ ಧ್ವನಿ ಬೀದಿಗೇ ಕೇಳುತ್ತಿತ್ತು.

"ತಿರುಗ್ಸು... ಇನ್ನೊಂದು ಕಡೆ... ಏಯ್, ಪುಟ್ಟಿ ಎಲ್ಲೋ?"

"ಯಾವ ಪುಟ್ಟಿ ಅಣ್ಣಾ?"

"ನಾನೇ ಕೈಯಾರೆ ಬಳ್ದಿದ್ದು ಕಣೋ ಮುಟ್ಠಾಳ! ಇದು ನಮ್ಮದಲ್ಲ! ಹಿಡಿಯೋ ಅವಳ್ನ!"

ಸ್ಕೂಟರ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಆ ಉಪಕಾರವನ್ನು ನಾನು ಮರೆತಿಲ್ಲ.

ಹಿಂದೆ ಮುತ್ತುವಿನ ಕಪ್ಪು ಜೀಪು ಗುರುಗುಟ್ಟಿತು. ಬಲಕ್ಕೆ ತಿರುಗಿದೆ... ಎದುರಿಗೆ ರಿವರ್ಸ್ ಬರುತ್ತಿದ್ದ ಲಾರಿ! ಲಾರಿಗೂ ಮೋರಿಗೂ ನಡುವೆ ತೂರಿದೆ. ಕನ್ನಡಿ ಕಿತ್ತುಹೋಯಿತು. ಜೀಪು ಸುತ್ತು ಹಾಕಿ ಮತ್ತೆ ಹಿಂದೆ. ಬಂಪರ್ ನನ್ನ ನಂಬರ್ ಪ್ಲೇಟಿಗೆ ಮುತ್ತಿಟ್ಟಿತು. ಸ್ಕೂಟರ್ ಓಲಾಡಿತು. ಕ್ಯಾರಿಯರ್ ಗಡಗಡ!

ಇನ್ನೊಂದು ಗುದ್ದು ಬಿದ್ದರೆ ನಾನು ಮೋರಿಯಲ್ಲಿ...

ಆಗ ಸೈರನ್ ಕೂಗಿತು. ಪೊಲೀಸರದಲ್ಲ.

ಗಾರ್ಮೆಂಟ್ಸಿನ ಊಟದ ಸೈರನ್! ಗೇಟು ತೆರೆಯಿತು. ಹೆಂಗಸರು... ಹೆಂಗಸರು... ರಸ್ತೆ ತುಂಬ ಹೆಂಗಸರು! ಆ ಹೊತ್ತಿಗೆ ಆ ರಸ್ತೆಗೆ ಗೊತ್ತಿದ್ದವರು ಯಾರೂ ಗಾಡಿ ತರುವುದಿಲ್ಲ.

"ಸುಬ್ಬಕ್ಕಾರ!" ಹೊಳೆವ್ವ. ಮೊದಲು ಬೊಮ್ಮನಹಳ್ಳಿಯಲ್ಲಿ ನನ್ನ ಲೈನಿನಲ್ಲಿ ಕಾಲರ್ ಹೊಲಿಯುತ್ತಿದ್ದವಳು. "ಯಾಕ್ರೀ, ಮುಖಾ ಹಿಂಗ್ಯಾಕಾಗೇತಿ?"

"ಹಿಂದಿನ ಜೀಪು ಹೊಳೆವ್ವ... ನಿಲ್ಲಿಸು!"

ಯಾಕೆ ಅಂತ ಕೇಳಲಿಲ್ಲ. ಸೀದಾ ಹೋಗಿ ಜೀಪಿನ ಮುಂದೆ ಕೂತುಬಿಟ್ಟಳು.

"ಅಯ್ಯಯ್ಯವ್ವಾ! ನನ್ನ ಕಾಲ ಮ್ಯಾಲ ಹತ್ತಿಸಿದ್ನಲ್ರೆ ಇವಾ!"

"ಎಲ್ಲಿ ಹತ್ತಿಸ್ದೆ? ಮುಟ್ಟೇ ಇಲ್ಲ!" ಮುತ್ತುವಿನ ಕೂಗು.

"ಮುಟ್ಟಬೇಕಂತ ಬಂದಿದ್ಯೇನಲೇ ತಮ್ಮಾ? ಇಳಿ ಕೆಳಗ! ಹಾರನ್ ಹೊಡೀತೀ? ಹೊಡಿ ಇನ್ನೊಮ್ಮಿ, ನೋಡೂಣು!"

ಜೀಪಿನ ಬಾನೆಟ್ಟಿನ ಮೇಲೆ ಊಟದ ಡಬ್ಬಿಗಳು ದಬದಬ ಬೀಳತೊಡಗಿದವು. ನಾನು ಹಿಂತಿರುಗಿ ನೋಡಲಿಲ್ಲ. ನೋಡಲು ಕನ್ನಡಿಯೂ ಇರಲಿಲ್ಲ.

ವಕೀಲೆ ಶೈಲಶ್ರೀಯ ಮೇಜಿನ ಮೇಲೆ ಕ್ಯಾರಿಯರ್ ಇಟ್ಟೆ. ಅವರು ತುಂಡನ್ನು ಮುಟ್ಟಲಿಲ್ಲ. ಸುತ್ತ ತಿರುಗಿ ಫೋಟೋ ತೆಗೆದರು. ಅಂದೇ ತನಿಖಾಧಿಕಾರಿಯನ್ನು ಕರೆಸಿ, ಅವರೆದುರೇ ಡಬ್ಬಿಗೆ ಸೀಲ್ ಹಾಕಿಸಿದರು.

"ಇದು ಆ ಗಾಡಿಯದ್ದೇ ಅಂತ ಹೇಗಮ್ಮಾ ನಂಬೋದು?" ಎಂದರು ಅಧಿಕಾರಿ.

"ಗುರುವಾರದವರೆಗೂ ನಂಬಬೇಡಿ ಸಾರ್," ಎಂದೆ.

ಗುರುವಾರ ಬೆಳಿಗ್ಗೆ ಟ್ರ್ಯಾಕಿನಲ್ಲಿ ಎಲ್ಲರೂ ಸೇರಿದೆವು. ಎಕ್ಸ್‌ಪರ್ಟು, ಅಧಿಕಾರಿ, ಶೈಲಶ್ರೀ, ನಾನು. ಮಹಾನಂದಾ ಬೇಲಿಯ ಬಳಿ ನಿಂತಿದ್ದಳು. ಒಳಗೆ ಬರಲು ಧೈರ್ಯವಿಲ್ಲ. ನಂದೀಶ ಇಸ್ತ್ರಿ ಬಿಳಿ ಅಂಗಿಯಲ್ಲಿ ನಗುತ್ತ ಬಂದ. ಹಣೆಯಲ್ಲಿ ಗಂಧ.

ಕ್ವಾಡ್ ನಿಂತಿತ್ತು. ಮೈತುಂಬ ಹಳೇ ಮಣ್ಣು.

"ಗಟ್ಟಿ ಗಾಡಿ ಸಾರ್. ಕಂಪನಿಯಿಂದ ಬಂದಂಗೇ ಐತೆ. ಒಂದು ವೆಲ್ಡಿಂಗ್ ಕೂಡ ಮುಟ್ಸಿಲ್ಲ."

ಎಕ್ಸ್‌ಪರ್ಟ್ ಕವರ್ ಬಿಚ್ಚಿಸಿದ. ಸುತ್ತಿಗೆಯಲ್ಲಿ ತಟ್ಟಿದ. ಘಂಟೆಯಂಥ ನಾದ! ನಂದೀಶ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

"ಅಕ್ಕನೋರು ಯಾವ್ದೋ ಗುಜರಿ ಪೈಪ್ ಕೊಟ್ಟವ್ರಂತೆ. ಪೀಣ್ಯದಲ್ಲಿ ಕೆಜಿ ಲೆಕ್ಕದಲ್ಲಿ ಸಿಗ್ತದೆ ಸಾರ್ ಅದು!"

"ಹೌದಾ?" ಎಂದ ಎಕ್ಸ್‌ಪರ್ಟ್. ಪೊಲೀಸರ ಕಾಗದ ನೋಡಿದ. ಬಗ್ಗಿದ. ಮತ್ತೆ ನೋಡಿದ. "ಫ್ರೇಮ್ ನಂಬರ್ ಎಲ್ರಿ?"

ನಂದೀಶನ ನಗು ತಡವರಿಸಿತು. "ಅಲ್ಲೇ... ಹ್ಯಾಂಡಲ್ ಬುಡದಲ್ಲಿ..."

"ಇಲ್ಲಿ ಪ್ಲೇಟ್ ಇದೆ."

"ಅದು... ಕಂಪನೀದು..."

"ಕಂಪನಿಯವರು ತಮ್ಮ ನಂಬರನ್ನೇ ಮುಚ್ಚಿ ಕಳಿಸ್ತಾರೇನ್ರಿ?"

ಗ್ರೈಂಡರ್ ಬಂತು. ಈ ಸಲ ನನ್ನ ಕಿವಿ ದೂರದಲ್ಲಿತ್ತು. ಪ್ಲೇಟ್ ಕಳಚಿ ಬಿತ್ತು. ಕೆಳಗೆ ಅಂಕಿಗಳು... ಅರ್ಧ. ಆಮೇಲೆ ಹೊಸ ಪೈಪು, ನುಣ್ಣಗೆ, ಬೋಳಾಗಿ.

ಅಧಿಕಾರಿ ಡಬ್ಬಿಯ ಸೀಲ್ ಒಡೆದರು. ತುಂಡನ್ನು ಪಕ್ಕಕ್ಕೆ ಹಿಡಿದರು. ಉಳಿದರ್ಧ ಅಂಕಿಗಳು ಸಾಲಿಗೆ ಬಂದವು. ಕಾಗದದಲ್ಲಿ ಬರೆದಿದ್ದ ನಂಬರೇ!

ಎಕ್ಸ್‌ಪರ್ಟ್ ಚಾಕುವಿನ ಮೊನೆಯಲ್ಲಿ ಪುಟ್ಟಿಯ ಇನ್ನೊಂದು ಚಕ್ಕೆ ಎಬ್ಬಿಸಿದ.

ಬೇಲಿಯ ಬಳಿಯಿಂದ ಬಿಕ್ಕುವ ಸದ್ದು. ಮಹಾನಂದಾ ಅಷ್ಟು ದೂರದಿಂದಲೇ ತನ್ನ ಕೈ ಹಚ್ಚಿದ ಕೆಂಪನ್ನು ಗುರುತು ಹಿಡಿದಿದ್ದಳು.

ಆಸ್ಪತ್ರೆಯ ಪೇದೆಯನ್ನು ಸಂಜೆಗೇ ವಾಪಸ್ ಕರೆಸಿಕೊಂಡರು. ಆಶಾರಾಣಿ ಮಾತ್ರ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅವರಮ್ಮನ ಚಪ್ಪಲಿ ಇನ್ನೂ ಆ ಬಾಗಿಲಲ್ಲೇ ಇತ್ತು. ನಾನು ಗೆದ್ದೆ ಅಂತ ನೀವು ಅಂದುಕೊಂಡಿದ್ದರೆ, ಆ ಚಪ್ಪಲಿಯನ್ನು ಒಮ್ಮೆ ನೋಡಿಬನ್ನಿ.

ಅಂದು ನಂದೀಶನನ್ನು ಪೊಲೀಸ್ ಜೀಪು ಹತ್ತಿಸುವಾಗ ಅವನು ನನ್ನೆದುರು ನಿಂತ. ಗಂಧ ಬೆವರಿನಲ್ಲಿ ಕರಗಿ ಮೂಗಿನ ಮೇಲೆ ಇಳಿದಿತ್ತು.

"ವರ್ಷಾ ವರ್ಷಾ ತಪ್ಪದೆ ಪೂಜೆ ಮಾಡಿಸ್ತೀನಿ ಅಕ್ಕಾ... ನಂಗ್ಯಾಕೆ ಹಿಂಗಾಯ್ತು?"

"ಪೂಜೆಯಲ್ಲಿ ಏನೂ ಕೊರತೆ ಇರಲಿಲ್ಲ ನಂದೀಶ," ಎಂದೆ. "ಕುಂಕುಮ ಸರಿಯಾದ ಜಾಗಕ್ಕೇ ಬಿದ್ದಿತ್ತು!"